ಫ್ಯಾನ್ ಫಿಲ್ಮ್‌ಗೆ ಜನರಿಂದ ದುಡ್ಡು ಎತ್ತಬಹುದಾ? ಆಕ್ಸನಾರ್ ಕೇಸ್ ಓದಿದ ಮೇಲೆ ಕೇಳ್ತಿದ್ದೀನಿ

ಕುಕ್ಕರಹಳ್ಳಿ_ಕ್ಯಾಪ್ಟನ್:

ಎಲ್ಲರಿಗೂ ನಮಸ್ಕಾರ. ಮೈಸೂರಿನವನು, ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಸಂಜೆಯಾದರೆ ನಾಟಕ, ಕಿರುಚಿತ್ರ. ಈಗ ಒಂದಷ್ಟು ಜನ ಗೆಳೆಯರು ಸೇರಿ ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ ಲೋಕದಲ್ಲೇ ನಡೆಯೋ ಒಂದು ಕಥೆಯನ್ನ ಕನ್ನಡದಲ್ಲಿ ಮಾಡೋಕೆ ಹೊರಟಿದ್ದೀವಿ. ಫೆಡರೇಶನ್‌ನ, ಅಂದರೆ ಆ ಲೋಕದಲ್ಲಿ ಮನುಷ್ಯರಿರೋ ಒಕ್ಕೂಟದ, ಒಂದು ಸರಕು ಹಡಗು. ಗಡಿಯಲ್ಲಿ ಕೆಟ್ಟು ನಿಂತಿರೋ ಶತ್ರು ಜನಾಂಗದ, ಕ್ಲಿಂಗಾನ್ ಹಡಗಿನವರಿಗೆ ಉಸಿರಾಡೋಕೆ ಗಾಳಿ ಮುಗೀತಾ ಬಂದಿದೆ. ಕೊಟ್ಟರೆ ನಮ್ಮವರಿಗೆ ಊರು ಮುಟ್ಟೋವಷ್ಟು ಉಳಿಯಲ್ಲ. ಕ್ಯಾಪ್ಟನ್ ಒಬ್ಬಳು ಹೆಣ್ಣುಮಗಳು, ಅವಳು ಏನು ಮಾಡ್ತಾಳೆ ಅನ್ನೋದೇ ಚಿತ್ರ. ಪಾತ್ರಗಳೆಲ್ಲ ನಮ್ಮ ಸ್ವಂತದ್ದು.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೆಳೆಯನ ಶೆಡ್ ಸಿಕ್ಕಿದೆ. ಅರ್ಧ ಸೆಟ್ ಎದ್ದಿದೆ. ಪ್ಲೈವುಡ್ ಕನ್ಸೋಲ್, ಮೇಲೆ ಹಾಲುಬಣ್ಣದ ಅಕ್ರಿಲಿಕ್ ಶೀಟು, ಒಳಗಡೆ ಎಲ್‌ಇಡಿ ಸ್ಟ್ರಿಪ್. ಶೆಡ್ಡಿನ ಲೈಟ್ ಆರಿಸಿ ಅದೊಂದನ್ನೇ ಹಚ್ಚಿದರೆ ನಿಜವಾಗಲೂ ಹಡಗಿನೊಳಗೆ ನಿಂತ ಹಾಗಾಗುತ್ತೆ.

ಚಿತ್ರ 40 ನಿಮಿಷ. ಜನರಿಂದ 12 ಲಕ್ಷ ರೂಪಾಯಿ ಎತ್ತಬೇಕು ಅಂತ ಲೆಕ್ಕ. ದುಡ್ಡು ಕೊಟ್ಟವರಿಗೆ ಹಡಗಿನ ಚಿತ್ರ ಇರೋ ಟೀ ಶರ್ಟ್. ಕ್ಯಾಪ್ಟನ್ ಪಾತ್ರಕ್ಕೆ ರಂಗಭೂಮಿಯ ಹಿರಿಯ ನಟಿಯೊಬ್ಬರನ್ನ ಕೇಳಿದ್ದೀವಿ, ಅವರಿಗೆ ಸಂಭಾವನೆ ಮಾತಾಡಿದ್ದೀವಿ. ಯೂಟ್ಯೂಬ್‌ನಲ್ಲಿ ಪುಕ್ಕಟೆ ಬಿಡ್ತೀವಿ, ನಮಗೆ ಒಂದು ರೂಪಾಯಿ ಲಾಭ ಬೇಡ.

ಹೀಗಿರುವಾಗ ಆಕ್ಸನಾರ್ ಕೇಸ್ ಬಗ್ಗೆ ಓದಿದೆ. ಅದೂ ಸ್ಟಾರ್ ಟ್ರೆಕ್ ಅಭಿಮಾನಿಗಳೇ ಮಾಡೋಕೆ ಹೊರಟಿದ್ದ ಫ್ಯಾನ್ ಫಿಲ್ಮ್. ಅಷ್ಟೊಂದು ಫ್ಯಾನ್ ಫಿಲ್ಮ್‌ಗಳನ್ನ ವರ್ಷಗಟ್ಟಲೆ ನೋಡಿಯೂ ಸುಮ್ಮನಿದ್ದ ಸ್ಟುಡಿಯೊಗಳು ಅವರೊಬ್ಬರ ಮೇಲೆ ಯಾಕೆ ಕೋರ್ಟಿಗೆ ಹೋದವು? ಲಾಭ ಇಲ್ಲ ಅಂದರೂ ತಪ್ಪಾ? ಇಲ್ಲಿ ಕೂತು ಮಾಡೋ ನಮಗೂ ಅದು ಅನ್ವಯಿಸುತ್ತಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬಸವನಗುಡಿ_ವಕೀಲೆ:

ಮೇಷ್ಟ್ರೇ, ಟೀ ಶರ್ಟ್ ಆರ್ಡರ್ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ. ಮಿಕ್ಕಿದ್ದು ಆಮೇಲೆ ನಿಧಾನವಾಗಿ ಓದಿ.

ಆಕ್ಸನಾರ್‌ನವರು 2014ರಲ್ಲಿ ಒಂದು ಮುನ್ನುಡಿ ಚಿತ್ರ ಬಿಟ್ಟರು, ಸುಮಾರು 20 ನಿಮಿಷದ್ದು. ಅದಕ್ಕೆ ಜನರಿಂದ ಚಂದಾ ಎತ್ತೋ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ಲಕ್ಷ ಡಾಲರ್ ಬಂತು. ಪೂರ್ತಿ ಚಿತ್ರಕ್ಕೆ ಅಂತ ಅದೇ ವರ್ಷ ಆರು ಲಕ್ಷ ಚಿಲ್ಲರೆ, 2015ರಲ್ಲಿ ಅಂಥದ್ದೇ ಇನ್ನೊಂದು ವೆಬ್‌ಸೈಟ್ ಇಂಡಿಗೋಗೋದಲ್ಲಿ ಐದು ಲಕ್ಷಕ್ಕೂ ಮೇಲೆ. ಒಟ್ಟು ಹತ್ತು ಲಕ್ಷ ಡಾಲರ್ ದಾಟಿತು. ಪೂರ್ತಿ ವೃತ್ತಿಪರವಾದ ಸ್ವತಂತ್ರ ಸ್ಟಾರ್ ಟ್ರೆಕ್ ಚಿತ್ರ ಅಂತ ತಾವೇ ಪ್ರಚಾರ ಮಾಡಿದರು. ಸ್ಟುಡಿಯೊ ಜಾಗವನ್ನೂ ಬಾಡಿಗೆಗೆ ಹಿಡಿದರು. 2015ರ ಡಿಸೆಂಬರ್ 29ರಂದು ಸ್ಟಾರ್ ಟ್ರೆಕ್‌ನ ಹಕ್ಕುಳ್ಳ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕಂಪನಿಗಳು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದವು. ಅಲ್ಲಿಯವರೆಗೆ ಅಭಿಮಾನ ಅಂತ ಕಂಡಿದ್ದು ಆ ಮೊತ್ತದ ಮುಂದೆ ಪೈಪೋಟಿ ಅಂತ ಕಂಡಿತು. ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಗಮನಿಸಬೇಕಾದ್ದು ಏನಂದರೆ, ಅಲ್ಲಿಯವರೆಗೆ ಸುಮ್ಮನಿದ್ದರು ಅನ್ನೋದು ಒಪ್ಪಿಗೆ ಅಲ್ಲ. ಫ್ಯಾನ್‌ಗಳು ನಂಬಿದ್ದು ಆ ಮೌನವನ್ನ. 2016ರ ಮೇ ತಿಂಗಳಲ್ಲಿ ಸ್ಟಾರ್ ಟ್ರೆಕ್ ಸಿನಿಮಾಗಳ ನಿರ್ಮಾಪಕ ಜೆ. ಜೆ. ಏಬ್ರಮ್ಸ್ ವೇದಿಕೆ ಮೇಲೆ ನಿಂತು ಈ ಕೇಸ್ ಇನ್ನೇನು ಮುಗಿದು ಹೋಗ್ತಿದೆ ಅಂದರು, ಜನ ಚಪ್ಪಾಳೆ ಹೊಡೆದರು. ಕೇಸ್ ಮಾತ್ರ ಹೋಗಲಿಲ್ಲ. 2017ರ ಜನವರಿ 3ರಂದು ನ್ಯಾಯಾಧೀಶ ಗ್ಯಾರಿ ಕ್ಲಾಸ್ನರ್ ಆಕ್ಸನಾರ್‌ನವರ 'ಫೇರ್ ಯೂಸ್' ವಾದವನ್ನ, ಅಂದರೆ ಅನುಮತಿ ಇಲ್ಲದೆಯೂ ನ್ಯಾಯವಾಗಿ ಬಳಸಬಹುದು ಅನ್ನೋ ವಾದವನ್ನ, ತಳ್ಳಿಹಾಕಿದರು. ಅವರ ಚಿತ್ರದ ನಾಯಕ ಗಾರ್ತ್ ಮೂಲ ಧಾರಾವಾಹಿಯ ಒಂದೇ ಕಂತಿನಲ್ಲಿ, 1969ರಲ್ಲಿ ಬಂದು ಹೋದವನು. ಆದರೆ ಕೋರ್ಟ್ ಒಬ್ಬನನ್ನೇ ನೋಡಲಿಲ್ಲ. ಕ್ಲಿಂಗಾನರು, ವಲ್ಕನ್ನರು ಅನ್ನೋ ಅನ್ಯಲೋಕದ ಜನಾಂಗಗಳು, ಹಡಗು, ಸಮವಸ್ತ್ರ, ಕಥೆಯ ಧಾಟಿ ಎಲ್ಲ ಸೇರಿಸಿ ನೋಡಿತು. ಆದ್ದರಿಂದ ಪಾತ್ರಗಳು ನಮ್ಮ ಸ್ವಂತದ್ದು ಅನ್ನೋ ನಿಮ್ಮ ಮಾತು ನಿಮ್ಮನ್ನ ಕಾಯಲ್ಲ. ಪುಕ್ಕಟೆ ತೋರಿಸ್ತೀವಿ ಅನ್ನೋದೂ ಅವರನ್ನ ಕಾಯಲಿಲ್ಲ. ಜ್ಯೂರಿ ವಿಚಾರಣೆಗೆ ಮುಂಚೆ, ಜನವರಿ 20ಕ್ಕೆ ರಾಜಿಯಾಯಿತು: ಚಿತ್ರವನ್ನ 15 ನಿಮಿಷದ ಎರಡು ತುಂಡಾಗಿ, ಜಾಹೀರಾತಿಲ್ಲದೆ ತೋರಿಸಬಹುದು ಅಂತ.

ಕೇಸ್ ನಡೀತಿರುವಾಗಲೇ, 2016ರ ಜೂನ್‌ನಲ್ಲಿ, ಎರಡೂ ಕಂಪನಿಗಳು ಎಲ್ಲ ಫ್ಯಾನ್ ಫಿಲ್ಮ್‌ಗಳಿಗೂ ನಿಯಮ ಹೊರಡಿಸಿದವು. ಒಂದು ಕಥೆ 15 ನಿಮಿಷ, ಎರಡು ಭಾಗ ಮಾಡಿದರೂ 30 ದಾಟಬಾರದು, ಮುಂದುವರಿದ ಭಾಗ ಇರಬಾರದು. ಹೆಸರಿನಲ್ಲಿ 'ಸ್ಟಾರ್ ಟ್ರೆಕ್' ಬೇಡ, ಅಡಿಬರಹದಲ್ಲಿ ಮಾತ್ರ ಅಭಿಮಾನಿಗಳ ಚಿತ್ರ ಅಂತ ಹಾಕಬೇಕು. ಚಂದಾ 50,000 ಡಾಲರ್ ಒಳಗೆ. ಕೊಟ್ಟವರಿಗೆ ಉಡುಗೊರೆಯಾಗಿ ಚಿತ್ರದ ಸಾಮಾನು ಕೊಡುವಂತಿಲ್ಲ. ಯಾರಿಗೂ ಸಂಬಳ, ಸಂಭಾವನೆ ಇಲ್ಲ, ಎಲ್ಲರೂ ಹವ್ಯಾಸಿಗಳೇ ಆಗಿರಬೇಕು. ನಿಮ್ಮ 12 ಲಕ್ಷ ಆ ಮಿತಿಯೊಳಗೇ ಇದೆ. ಎಡವೋದು ಉದ್ದ, ಟೀ ಶರ್ಟ್, ನಟಿಯ ಸಂಭಾವನೆ ಈ ಮೂರರಲ್ಲಿ. ಪಾಲಿಸಿದವರ ಮೇಲೆ ತಕರಾರು ಎತ್ತಲ್ಲ ಅಂತಷ್ಟೇ ಅವರು ಹೇಳಿರೋದು. ಅದು ಲೈಸೆನ್ಸ್ ಅಲ್ಲ, ಬೇಕೆಂದಾಗ ಬದಲಾಯಿಸಬಹುದು.

ಭಾರತದಲ್ಲಿದ್ದೀವಿ ಅನ್ನೋದೂ ರಕ್ಷಣೆ ಅಲ್ಲ. ಕಾಪಿರೈಟ್ ಬಗ್ಗೆ ಇರೋ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳ ಕೃತಿಗಳಿಗೆ ನಮ್ಮ 1957ರ ಕಾಪಿರೈಟ್ ಕಾಯ್ದೆ ಇಲ್ಲಿನ ಕೃತಿಗಳಷ್ಟೇ ರಕ್ಷಣೆ ಕೊಡುತ್ತೆ. 52ನೇ ಸೆಕ್ಷನ್‌ನಲ್ಲಿ ಹವ್ಯಾಸಿ ತಂಡಗಳಿಗೆ ಒಂದು ವಿನಾಯಿತಿ ಇದೆ, ಟಿಕೆಟ್ ಇಲ್ಲದೆ ನಾಟಕ ಆಡಿದರೆ ತಪ್ಪಲ್ಲ ಅಂತ. ನೀವು ನಾಟಕದವರಾದ್ದರಿಂದ ಅದನ್ನ ಕೇಳಿರಬಹುದು. ಅದು ರಂಗದ ಮೇಲಿನ ಪ್ರಯೋಗಕ್ಕೆ. ಚಿತ್ರ ತೆಗೆದು ಯೂಟ್ಯೂಬ್‌ಗೆ ಹಾಕೋದಕ್ಕೆ ಅಲ್ಲ.

ಫ್ರೀಮಾಂಟ್_ಕನ್ನಡಿಗ:

ವಕೀಲರು ಹೇಳಿದ್ದು ಕಾನೂನಿನ ಮಟ್ಟಿಗೆ ಸರಿ. ಆದರೆ ಆ 15 ನಿಮಿಷದ ನಿಯಮ ನನಗೆ ಇವತ್ತಿಗೂ ಸಂಕಟ. ಆಕ್ಸನಾರ್‌ನ ಹತ್ತು ಲಕ್ಷ ಡಾಲರ್‌ಗೆ ಕಡಿವಾಣ ಹಾಕೋಕೆ ಹೋಗಿ ಯಾರ ತಂಟೆಗೂ ಹೋಗದವರ ಕತ್ತು ಹಿಸುಕಿದರು. 'ಸ್ಟಾರ್ ಟ್ರೆಕ್ ಕಂಟಿನ್ಯೂಸ್' ಅಂತ ಒಂದು ತಂಡ ಇತ್ತು. 1960ರ ದಶಕದ ಧಾರಾವಾಹಿಯ ಬೆಳಕು, ಬಣ್ಣ, ಸೆಟ್ಟಿನ ಒಂದೊಂದು ಗುಂಡಿಯನ್ನೂ ಹಾಗೇ ಎಬ್ಬಿಸಿದ್ದರು. ಲಾಭರಹಿತ ಸಂಸ್ಥೆ. ಒಂದೊಂದು ಕಂತೂ ಟಿವಿ ಕಂತಿನಷ್ಟೇ ಉದ್ದ. ಅಂದುಕೊಂಡಿದ್ದಕ್ಕಿಂತ ಬೇಗ, 2017ರ ನವೆಂಬರ್‌ನಲ್ಲಿ, ಹನ್ನೊಂದನೇ ಕಂತಿಗೆ ಮುಗಿಸಿದರು. ಆ ಕೊನೆಯ ಕಂತು ನೋಡುವಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಮತ್ತೊಂದು ದಾರಿಯೂ ಇದೆ. ನ್ಯೂಯಾರ್ಕ್ ರಾಜ್ಯದ ಟೈಕಾಂಡೆರೋಗಾದಲ್ಲಿ ಜೇಮ್ಸ್ ಕಾವ್ಲಿ ಅನ್ನುವವರು ಫ್ಯಾನ್ ಫಿಲ್ಮ್‌ಗೆ ಅಂತ ಕಟ್ಟಿದ್ದ ಸೆಟ್ಟು 2016ರಲ್ಲಿ ಸಿಬಿಎಸ್ ಲೈಸೆನ್ಸ್ ಪಡೆದು ಪ್ರವಾಸಿ ತಾಣ ಆಯಿತು. ಕಂಪನಿಯವರು ಮಾತುಕತೆಗೇ ಬರಲ್ಲ ಅಂತ ಏನಿಲ್ಲ. ಆದರೆ ನಿಮ್ಮಂಥ ಸಣ್ಣ ತಂಡದ ಪತ್ರಕ್ಕೆ ಉತ್ತರ ಬರುತ್ತೆ ಅನ್ನೋ ಭರವಸೆ ನಾನು ಕೊಡಲಾರೆ.

ಸಾಧನಕೇರಿ_ಸೌಂಡ್:

ನಾ ಧಾರವಾಡದಾಗ ಸೌಂಡ್ ಕೆಲಸ ಮಾಡತೇನ್ರಿ. ಸಂಗೀತದ ಬಗ್ಗೆ ಯಾರೂ ಹೇಳಿಲ್ಲ ಅದಕ್ಕ ಬರದೆ. 2018ರ ಕೊನೀಗೆ ಯೂಟ್ಯೂಬ್‌ನಾಗ ಸ್ಟಾರ್ ವಾರ್ಸ್ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಮ್ಯಾಲ ಒಂದು ಫ್ಯಾನ್ ಫಿಲ್ಮ್ ಬಂತು. ಮಾಡಿದಾವ ಜಾಹೀರಾತು ಹಾಕಿರಲಿಲ್ಲ. ಆದ್ರೂ ಸಂಗೀತದ ಹಕ್ಕಿನ ಕಂಪನಿ ಕ್ಲೇಮ್ ಹಾಕಿ, ತಾನ ಜಾಹೀರಾತು ಹಚ್ಚಿ, ಅದರ ರೊಕ್ಕ ತನ್ನ ಕಡೆ ತಿರುಗಿಸಿಕೊಂತು. ಹೊಸದಾಗಿ ಸಂಗೀತ ಮಾಡಿಸಿದ್ರೂ ಮೂಲದ ಧಾಟಿ ಅದರಾಗ ಐತಿ ಅಂತ ತಕರಾರು. ಕಡೀಗೆ ಸ್ಟಾರ್ ವಾರ್ಸ್ ಮಾಡೋ ಲೂಕಾಸ್‌ಫಿಲ್ಮ್ ಕಂಪನಿಯವರು ನಡುವ ಬಂದು ಬಿಡಿಸಿದ್ರು. ಚಿತ್ರದ ಹಕ್ಕಿನವರು ಸುಮ್ಮನಿದ್ರೂ ಸಂಗೀತದವರು ಸುಮ್ಮನಿರತಾರ ಅಂತಿಲ್ಲ ಸರ್. ಸ್ಟಾರ್ ಟ್ರೆಕ್ ಹಾಡಿನ ಆ ಶುರುವಿನ ನಾಕು ಸ್ವರಾನೂ ಹಾಕಬ್ಯಾಡ್ರಿ.

ನನ್ನ ಕೇಳಿದ್ರ, ನಿಮ್ಮ ಕಥಿಗೆ ಸ್ಟಾರ್ ಟ್ರೆಕ್ ಯಾಕ ಬೇಕು? ಗಾಳಿ ಕೊಡಬೇಕೋ ಬ್ಯಾಡೋ ಅನ್ನೂದು ಎಲ್ಲಿ ಇಟ್ಟರೂ ನಿಂದರತೈತಿ.

ಕುಕ್ಕರಹಳ್ಳಿ_ಕ್ಯಾಪ್ಟನ್:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಶೆಡ್ಡಿನಲ್ಲಿ ಎಲ್ಲ ಕೂತು ಇದನ್ನೇ ಓದಿದ್ವಿ.

ಸೌಂಡ್ ಸರ್, ಆ ಲೋಕ ಯಾಕೆ ಬೇಕು ಅಂದರೆ, ಶತ್ರುವಿನ ಜೊತೆ ಮಾತಾಡಬಹುದು ಅನ್ನೋ ನಂಬಿಕೆಯನ್ನ ನನಗೆ ಮೊದಲು ಕೊಟ್ಟಿದ್ದು ಅದು. ಕ್ಲಿಂಗಾನ್ ಅಂದ ತಕ್ಷಣ ನೋಡುಗನಿಗೆ ಎಷ್ಟೋ ವರ್ಷದ ಹಗೆ ನೆನಪಾಗುತ್ತೆ. ಬೇರೆ ಹೆಸರಿಟ್ಟರೆ ಆ ಹಗೆಯನ್ನ ನಾನೇ ಮೊದಲಿಂದ ಕಟ್ಟಬೇಕು. 15 ನಿಮಿಷದ ಎರಡು ಭಾಗಕ್ಕೆ ಇಳಿಸೋಕೂ ನೋಡಿದೆ, ಕಷ್ಟಪಟ್ಟರೆ ಆಗುತ್ತೆ. ಆದರೆ ಸಂಭಾವನೆಯ ವಿಷಯ ಒಪ್ಪೋಕೆ ಆಗ್ತಿಲ್ಲ. ಆ ನಟಿ ಮೂವತ್ತು ವರ್ಷದಿಂದ ರಂಗದ ಮೇಲೆ ಇರೋರು, ಪುಕ್ಕಟೆ ಮಾಡಿ ಅಮ್ಮ ಅಂತ ನನ್ನ ಬಾಯಲ್ಲಿ ಬರಲ್ಲ. ರಾತ್ರಿಯಿಡೀ ಲೈಟ್ ಹಿಡಿಯೋ ಹುಡುಗರಿಗೂ ಹಾಗೇ. ಹಾಗಾಗಿ ಸ್ವಂತ ಲೋಕಕ್ಕೇ ಹೋಗೋಣ ಅಂತ ತೀರ್ಮಾನ ಮಾಡಿದ್ವಿ.

ವಕೀಲ ಮೇಡಂ, ಹಾಗೆ ಮಾಡಿದರೆ ಏನೇನು ಕಿತ್ತು ಹಾಕಬೇಕು? ಕಥೆ ಉಳಿಸಿಕೊಳ್ಳಬಹುದಾ?

ಬಸವನಗುಡಿ_ವಕೀಲೆ:

ಕಥೆ ಧಾರಾಳವಾಗಿ ಉಳಿಸಿಕೊಳ್ಳಿ. 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ, ವಿಚಾರಕ್ಕೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನ ಹೇಳಿದ ರೀತಿಗೆ ಇದೆ. ಆಪತ್ತಿನಲ್ಲಿರೋ ಶತ್ರು ಹಡಗಿಗೆ ಗಾಳಿ ಕೊಡೋದು ಯಾರಪ್ಪನ ಆಸ್ತಿಯೂ ಅಲ್ಲ.

ಕ್ಲಿಂಗಾನ್, ಫೆಡರೇಶನ್, ವಾರ್ಪ್ (ಬೆಳಕಿಗಿಂತ ವೇಗದ ಪಯಣ), ಫೇಸರ್ (ಕಿರಣದ ಆಯುಧ) ಹೆಸರುಗಳು ಹೋಗಬೇಕು. ಎದೆ ಮೇಲಿನ ಬಾಣದ ಮೊನೆಯಂಥ ಬ್ಯಾಡ್ಜು, ಅದೇ ಬಣ್ಣದ ಅಂಗಿ, ಹಣೆಯ ಮೇಲಿನ ಏಣುಗಳು, ತಟ್ಟೆ ಆಕಾರದ ಹಡಗು ಹೋಗಬೇಕು. ಹೆಸರು ಮಾತ್ರ ಬದಲಾಯಿಸಿ ಮಿಕ್ಕಿದ್ದೆಲ್ಲ ಹಾಗೇ ಬಿಟ್ಟರೆ ಸಾಲದು. ನಿಮ್ಮ ಪ್ಲೈವುಡ್ ಕನ್ಸೋಲ್ ಉಳಿಯಬಹುದು, ಆದರೆ ಫೋಟೋ ಕಳಿಸಿ, ಒಮ್ಮೆ ನೋಡ್ತೀನಿ.

ಚಂದಾ ಪುಟದಲ್ಲಿ ಎಲ್ಲೂ ಸ್ಟಾರ್ ಟ್ರೆಕ್ ಹೆಸರು ಹೇಳಿ ದುಡ್ಡು ಕೇಳಬೇಡಿ. ನಟಿ, ಸಂಗೀತ ಮಾಡೋರು, ಚಿತ್ರಕಥೆ ಬರೆದವರು ಎಲ್ಲರ ಜೊತೆ ಹಕ್ಕು ಯಾರಿಗೆ ಅಂತ ಒಂದೊಂದು ಪುಟದ ಕರಾರು ಬರೆದು ಸಹಿ ಹಾಕಿಸಿ. ನಾಳೆ ಹಕ್ಕಿನ ಒಡೆಯರು ನೀವೇ ಆಗ್ತೀರಲ್ಲ. ಟೀ ಶರ್ಟ್ ಈಗ ಮಾಡಿಸಬಹುದು, ನಿಮ್ಮದೇ ಹಡಗಿನ ಚಿತ್ರ ಹಾಕಿ.