ಎಂಟು ವರ್ಷದ ಮಗಳಿಗೆ ಟೆನಿಸ್: ಬಳ್ಳಾರಿಯಲ್ಲೇ ಮುಂದುವರಿಸುವುದೋ, ಬೆಂಗಳೂರಿನ ವಸತಿ ತರಬೇತಿಗೆ ಕಳುಹಿಸುವುದೋ?

ಪ್ರಶ್ನೆ: ಬಳ್ಳಾರಿಯ ಪಾಲಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈ ಶ್ರಾವಣಕ್ಕೆ ಎಂಟು ವರ್ಷ ತುಂಬಿದವು. ಕಳೆದ ಬೇಸಿಗೆ ಶಿಬಿರದಲ್ಲಿ ರಾಕೆಟ್ ಹಿಡಿದವಳು ಇಂದಿಗೂ ಕೆಳಗಿಟ್ಟಿಲ್ಲ. ಶಾಲೆಯಿಂದ ಬಂದು ಚೀಲ ಇಳಿಸಿದ ಕೂಡಲೇ ಹಿತ್ತಲ ಗೋಡೆಗೆ ಚೆಂಡು ಹೊಡೆಯಲು ನಿಲ್ಲುತ್ತಾಳೆ. ಸುಣ್ಣ ಬಳಿದ ಆ ಗೋಡೆಯ ಮೇಲೆ ಅವಳ ಎದೆಯ ಎತ್ತರಕ್ಕೆ ದುಂಡನೆಯ ಗುರುತುಗಳ ಸಾಲೇ ಮೂಡಿದೆ.

ಈಗ ಊರಲ್ಲೇ ಇರುವ ಮಣ್ಣಿನ ಕೋರ್ಟಿನಲ್ಲಿ ವಾರಕ್ಕೆ ನಾಲ್ಕು ಸಂಜೆ, ಒಂದೊಂದು ಗಂಟೆ ಕಲಿಯುತ್ತಿದ್ದಾಳೆ. ಕೋಚ್ ಸಹನೆಯುಳ್ಳವರು, ಆದರೆ ಒಂದೇ ಬ್ಯಾಚಿನಲ್ಲಿ ಆರರಿಂದ ಹದಿನಾಲ್ಕು ವರ್ಷದವರೆಗಿನ ಹನ್ನೆರಡು ಮಕ್ಕಳಿದ್ದಾರೆ. ಬೆಂಗಳೂರಿನ ಒಂದು ಅಕಾಡೆಮಿಯವರು ಇವಳ ಆಟ ನೋಡಿ, ತಮ್ಮ ‘ಕಾಂಪಿಟಿಟಿವ್ ಬ್ಯಾಚ್’ಗೆ ಸೇರಿಸಿಕೊಳ್ಳುವುದಾಗಿ ಹೇಳಿದ್ದಾರೆ. ಅಲ್ಲಿ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ ಅಭ್ಯಾಸ. ಊಟ, ವಸತಿ, ಶಾಲೆ ಎಲ್ಲವೂ ಅವರದೇ. ಈಗ ಬಿಟ್ಟರೆ ಮುಂದೆ ತಡವಾಗುತ್ತದೆ ಎಂಬ ಅವರ ಮಾತು ನಮ್ಮ ಯಜಮಾನರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅಷ್ಟು ದೂರ ಏಕೆ, ತೋರಣಗಲ್ಲಿನಲ್ಲೇ ದೊಡ್ಡ ಕ್ರೀಡಾ ಸಂಸ್ಥೆಯಿದೆಯಲ್ಲ ಎಂದು ನಮ್ಮ ಭಾವನವರು ಹೇಳುತ್ತಾರೆ.

ಈ ವಯಸ್ಸಿನಲ್ಲಿ ತರಬೇತಿಯೊಂದು ಒಳ್ಳೆಯದೋ ಅಲ್ಲವೋ ಎಂದು ಟೆನಿಸ್ ಆಡದ ನಮ್ಮಂಥವರು ಹೇಗೆ ತಿಳಿಯಬೇಕು? ಎರಡು ವರ್ಷ ಕಾದರೆ ನಿಜವಾಗಿಯೂ ಏನಾದರೂ ಕಳೆದುಕೊಳ್ಳುತ್ತೇವೆಯೇ?

ಉತ್ತರ: ರಾಯಚೂರಿನ ದೈಹಿಕ ಶಿಕ್ಷಕ

ತಾಯಿ, ಮೊದಲು ತೋರಣಗಲ್ಲಿನ ವಿಷಯ. ಅಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು ಇವುಗಳಿಗೆ ಹೆಸರಾದದ್ದು, ಟೆನಿಸ್‌ಗಾಗಿ ಕಟ್ಟಿದ್ದಲ್ಲ. ಆ ಆಸೆಯನ್ನು ಬಿಡಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೋಚ್‌ನ ಹೆಸರು, ಗೋಡೆಯ ಮೇಲಿನ ಫೋಟೋಗಳು, ಕಪಾಟಿನ ಕಪ್‌ಗಳು ಇವನ್ನೆಲ್ಲ ಆಮೇಲೆ ನೋಡಿ. ಮೊದಲು ಬುಟ್ಟಿಯಲ್ಲಿ ಯಾವ ಚೆಂಡುಗಳಿವೆ ಎಂದು ನೋಡಿ. ದೊಡ್ಡವರು ಆಡುವ ಹಳದಿ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ.ವರೆಗೆ ಪುಟಿಯಬೇಕೆಂಬುದು ನಿಯಮ. ಎಂಟು ವರ್ಷದ ಹುಡುಗಿಯ ಎತ್ತರವೇ ಹೆಚ್ಚುಕಡಿಮೆ 125 ಸೆಂ.ಮೀ. ಇರುತ್ತದೆ. ಅಂದರೆ ಆ ಚೆಂಡು ಅವಳ ಭುಜವನ್ನೋ ತಲೆಯನ್ನೋ ದಾಟಿ ಬರುತ್ತದೆ; ನಮ್ಮ ಬೇಸಿಗೆಯ ಕಾವಿಗೆ ಚೆಂಡಿನೊಳಗಿನ ಗಾಳಿ ಹಿಗ್ಗಿದರಂತೂ ಇನ್ನೂ ಮೇಲೇಳುತ್ತದೆ. ಅದನ್ನು ಹೇಗಾದರೂ ಮುಟ್ಟಬೇಕೆಂದು ಮಗು ರಾಕೆಟ್‌ನ ಹಿಡಿತವನ್ನೇ ತಿರುಚಿಕೊಳ್ಳುತ್ತದೆ, ಹಿಂದಕ್ಕೆ ವಾಲಿ ಹೊಡೆಯುತ್ತದೆ. ಒಮ್ಮೆ ಹಾಗೆ ಕೂತ ಹಿಡಿತವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಬಿಡಿಸುವುದು ಎಷ್ಟು ಕಷ್ಟವೆಂದು ನನ್ನ ಕೈಯಲ್ಲಿ ಕಲಿತ ಮಕ್ಕಳಲ್ಲೇ ಕಂಡಿದ್ದೇನೆ.

ಅದಕ್ಕಾಗಿಯೇ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಚಿಕ್ಕವರಿಗೆ ಮೂರು ಬಗೆಯ ಚೆಂಡುಗಳನ್ನು ಗೊತ್ತುಮಾಡಿದೆ: ಸಾಮಾನ್ಯ ಚೆಂಡಿಗಿಂತ ಶೇ 75ರಷ್ಟು ನಿಧಾನದ ಕೆಂಪು, ಶೇ 50ರಷ್ಟು ನಿಧಾನದ ಕಿತ್ತಳೆ, ಶೇ 25ರಷ್ಟು ನಿಧಾನದ ಹಸಿರು. ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸಬಾರದೆಂಬ ನಿಯಮ 2012ರಿಂದಲೇ ಇದೆ. ಕೆಂಪು ಚೆಂಡಿನ ಅಂಗಳ ಸುಮಾರು 11 ಮೀಟರ್ ಉದ್ದ, ಕಿತ್ತಳೆಯದು 18 ಮೀಟರ್. ಹಸಿರಿಗೆ ಬರುವ ಹೊತ್ತಿಗೆ ಪೂರ್ಣ 23.77 ಮೀಟರ್. ದೊಡ್ಡ ಕೋರ್ಟಿನ ಡಬಲ್ಸ್ ಅಗಲ 10.97 ಮೀಟರ್ ಆದ್ದರಿಂದ, ಅದನ್ನೇ ಅಡ್ಡಲಾಗಿ ಬಳಸಿದರೆ ಒಂದು ಕೋರ್ಟಿನಲ್ಲಿ ನಾಲ್ಕು ಪುಟ್ಟ ಅಂಗಳಗಳು ಸುಲಭವಾಗಿ ಹಿಡಿಯುತ್ತವೆ. ನಿಮ್ಮ ಹನ್ನೆರಡು ಮಕ್ಕಳ ಬ್ಯಾಚಿನ ತೊಂದರೆಗೆ ಇದೇ ಪರಿಹಾರ. ಬೇಕಾಗಿರುವುದು ಸುಣ್ಣದ ಪುಡಿ, ಹಗ್ಗ ಮತ್ತು ಒಂದು ಡಬ್ಬ ಚೆಂಡು ಮಾತ್ರ.

ರಾಕೆಟ್ ಕೂಡ ನೋಡಿ. ಮಗು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ರಾಕೆಟ್‌ನ ತುದಿ ನೆಲವನ್ನು ಮುಟ್ಟೀ ಮುಟ್ಟದಂತಿರಬೇಕು. ಈ ವಯಸ್ಸಿಗೆ 23 ಅಥವಾ 25 ಇಂಚಿನದು ಸರಿಹೋಗುತ್ತದೆ. ‘ಹೇಗೂ ಬೆಳೆಯುತ್ತಾಳೆ’ ಎಂದು 27 ಇಂಚಿನದನ್ನು ಕೊಡಿಸಬೇಡಿ. ಶಾಲೆಯ ಬೂಟನ್ನು ಒಂದು ಸೈಜ್ ದೊಡ್ಡದು ತಂದ ಹಾಗಲ್ಲ ಅದು.

ಕೊನೆಗೆ, ಹೇಳದೆ ಕೇಳದೆ ಒಂದು ಸಂಜೆ ಹೋಗಿ ಗಡಿಯಾರ ಹಿಡಿದು ಕುಳಿತುಕೊಳ್ಳಿ. ಹತ್ತು ನಿಮಿಷದಲ್ಲಿ ನಿಮ್ಮ ಮಗಳು ಎಷ್ಟು ಚೆಂಡು ಹೊಡೆದಳು, ಎಷ್ಟು ಹೊತ್ತು ಸಾಲಿನಲ್ಲಿ ನಿಂತಳು ಎಂದು ಎಣಿಸಿ. ಕೋಚ್ ಬುಟ್ಟಿಯಿಂದ ಎಸೆದ ಚೆಂಡನ್ನು ಹೊಡೆದು ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುವುದಷ್ಟೇ ನಡೆಯುತ್ತಿದೆಯೋ, ಅಥವಾ ಮಕ್ಕಳು ಒಬ್ಬರಿಗೊಬ್ಬರು ಚೆಂಡು ಮರಳಿಸಿ, ಸರ್ವ್ ಮಾಡಿ, ಪಾಯಿಂಟ್ ಎಣಿಸಿ ಆಡುತ್ತಿದ್ದಾರೋ ನೋಡಿ. ಎದುರಾಳಿಯ ಕೈಯಿಂದ ಬರುವ ಚೆಂಡನ್ನು ಓದುವುದೇ ಟೆನಿಸ್. ಬೆಂಗಳೂರಿನಲ್ಲಿದ್ದರೂ ಅದನ್ನು ಕಲಿಸದ ಬ್ಯಾಚು ಸ್ಪರ್ಧೆಯ ಬ್ಯಾಚಲ್ಲ.

ಉತ್ತರ: ಕೊಪ್ಪಳದ ತಾಯಿ

ಅಕ್ಕಾ, ನಿಮ್ಮ ಪ್ರಶ್ನೆ ಓದಿದಾಗ ಮೂರು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನನ್ನ ಮಗನನ್ನು ಒಂಬತ್ತನೆಯ ವಯಸ್ಸಿನಲ್ಲಿ ಬೇರೆ ಊರಿನ ವಸತಿ ತರಬೇತಿಗೆ ಸೇರಿಸಿದ್ದೆವು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡೂವರೆ ಗಂಟೆ, ಎಲ್ಲವೂ ಸಿಮೆಂಟ್ ಕೋರ್ಟಿನ ಮೇಲೆ. ಐದನೆಯ ತಿಂಗಳಿಗೆ ಫೋನಿನಲ್ಲಿ ಹಿಮ್ಮಡಿ ನೋವು ಎಂದ. ಅಲ್ಲಿಯವರು ಬೂಟಿನ ದೋಷ ಎಂದರು, ನಾವೂ ನಂಬಿ ಹೊಸ ಬೂಟು ಕೊಡಿಸಿದೆವು. ದಸರೆಗೆ ಮನೆಗೆ ಬಂದವನು ಬೆಳಿಗ್ಗೆ ಹಾಸಿಗೆಯಿಂದೆದ್ದು ಬಚ್ಚಲಿಗೆ ತುದಿಗಾಲಿನಲ್ಲಿ ನಡೆದುಹೋದದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

ಎಲುಬಿನ ವೈದ್ಯರು ವಿವರಿಸಿದ್ದು ಹೀಗೆ: ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆತ್ತನೆಯ ಭಾಗವಿರುತ್ತದೆ, ಹಿಮ್ಮಡಿಯಲ್ಲಿ ಆ ಭಾಗಕ್ಕೆ ದಪ್ಪ ಸ್ನಾಯುರಜ್ಜು ಅಂಟಿಕೊಂಡಿದ್ದು, ಒಂದೇ ಬಗೆಯ ಓಟ, ನೆಗೆತ ದಿನವೂ ಅತಿಯಾದರೆ ಅದು ಎಳೆದೆಳೆದು ಉರಿಯೂತವಾಗುತ್ತದೆ. ಶಾಶ್ವತವಾದ ತೊಂದರೆಯಲ್ಲ, ಆದರೆ ವಿಶ್ರಾಂತಿಯ ಹೊರತು ಮದ್ದಿಲ್ಲ ಎಂದರು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಬಾರದೆಂದು ಕ್ರೀಡಾ ವೈದ್ಯರು ಹೇಳುವ ಅಳತೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ನಿಮ್ಮ ಮಗಳಿಗೆ ಎಂಟು. ಆ ಅಕಾಡೆಮಿಯ ಲೆಕ್ಕ ವಾರಕ್ಕೆ ಇಪ್ಪತ್ತನಾಲ್ಕು ಗಂಟೆ. ಮೂರು ಪಟ್ಟು.

ನನ್ನ ಮಗ ಈಗ ಇಲ್ಲಿಯೇ ವಾರಕ್ಕೆ ಐದು ದಿನ ಆಡುತ್ತಾನೆ, ಉಳಿದ ದಿನ ಓಣಿಯ ಹುಡುಗರೊಡನೆ ಕಬಡ್ಡಿ. ಆಟದ ಮೇಲಿನ ಆಸೆ ಮರಳಲು ಒಂದು ವರ್ಷ ಹಿಡಿಯಿತು. ನೀವು ಸೇರಿಸಿದರೂ ಬಿಟ್ಟರೂ ಒಂದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ: ಮಗು ನೋವೆಂದರೆ ಅಲ್ಲಿ ಯಾರು ನೋಡುತ್ತಾರೆ, ಎಷ್ಟು ದಿನದೊಳಗೆ ನಿಮಗೆ ತಿಳಿಸುತ್ತಾರೆ?

ಉತ್ತರ: ಗಂಗಾವತಿಯಿಂದ ಒಬ್ಬ ತಂದೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಊರಲ್ಲೇ ಉಳಿಯುವುದರ ನಷ್ಟವನ್ನೂ ಹೇಳಬೇಕು. ನಮ್ಮ ಕಡೆ ಎದುರಾಳಿಗಳು ಕಡಿಮೆ. ಅದೇ ನಾಲ್ಕು ಮಕ್ಕಳ ಎದುರು ವರ್ಷವಿಡೀ ಆಡಿದರೆ ಅವರ ಚೆಂಡು ಎಲ್ಲಿಗೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದು. ಹೊಸಬರು ಎದುರಾದ ದಿನ ಕೈಕಾಲು ಆಡುವುದಿಲ್ಲ. ನನ್ನ ಮಗನಿಗೆ ಮೊದಲ ಪಂದ್ಯದಲ್ಲಿ ಆದದ್ದೂ ಅದೇ.

ಹಾಗೆಂದು ಎಂಟನೆಯ ವಯಸ್ಸಿಗೆ ಆತುರವಿಲ್ಲ. ಅಖಿಲ ಭಾರತ ಟೆನಿಸ್ ಸಂಸ್ಥೆಯ ಜೂನಿಯರ್ ರ್‍ಯಾಂಕಿಂಗ್‌ನಲ್ಲಿ ಅತಿ ಚಿಕ್ಕ ವಿಭಾಗವೇ 12 ವರ್ಷದೊಳಗಿನವರದು. ಆಮೇಲೆ 14, 16, 18. ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕೈದು ಬಾರಿ ಹೊರಗಿನ ಮಕ್ಕಳೊಡನೆ ಆಡಿಸಿದರೆ ಸಾಕು. ಬೆಂಗಳೂರಿನ ಪಂದ್ಯಗಳಿಗೆ ನಾವು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತೇವೆ, ಬಳ್ಳಾರಿಯವರಿಗೆ ಅದು ಇನ್ನೂ ಅನುಕೂಲ. 2023ರ ಕೊನೆಯಲ್ಲಿ ಕಲಬುರಗಿಯಲ್ಲಿ ಅಂತರರಾಷ್ಟ್ರೀಯ ಪುರುಷರ ಪಂದ್ಯಾವಳಿ ನಡೆದಾಗ ಮಗನನ್ನು ಕರೆದೊಯ್ದಿದ್ದೆ. ಸೋತ ಆಟಗಾರನೂ ನೆಟ್ ಬಳಿ ಬಂದು ಕೈಕುಲುಕಿದ್ದನ್ನು ಮನೆಗೆ ಬಂದು ತಂಗಿಗೆ ಅಭಿನಯಿಸಿ ತೋರಿಸಿದ.

ತಡವಾಗುತ್ತದೆ ಎನ್ನುವವರಿಗೆ ಕೊಡಗಿನ ರೋಹನ್ ಬೋಪಣ್ಣ ಅವರನ್ನು ನೆನಪಿಸಬಹುದು. ಅವರು ಟೆನಿಸ್ ಶುರುಮಾಡಿದ್ದು 11ನೆಯ ವಯಸ್ಸಿನಲ್ಲಿ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದಾಗ ಅವರಿಗೆ 43. ಎಲ್ಲರಿಗೂ ಹಾಗಾಗುತ್ತದೆಂದು ನಾನು ಹೇಳಲಾರೆ, ಆದರೆ ಎಂಟಕ್ಕೇ ಬಾಗಿಲು ಮುಚ್ಚುತ್ತದೆ ಎಂಬುದು ನಿಜವಲ್ಲ.

ಬಳ್ಳಾರಿಯ ಪಾಲಕಿ, ಹತ್ತು ದಿನಗಳ ನಂತರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಗಡಿಯಾರ ಹಿಡಿದು ಕುಳಿತೆ. ಹತ್ತು ನಿಮಿಷದಲ್ಲಿ ಮಗಳು ಹೊಡೆದದ್ದು ಹದಿನಾಲ್ಕು ಚೆಂಡು. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಂತು ರಾಕೆಟ್‌ನ ತಂತಿಗಳನ್ನು ಬೆರಳಿನಿಂದ ಸರಿಪಡಿಸುತ್ತಿದ್ದಳು. ಹಳದಿ ಚೆಂಡು ಅವಳ ಕಿವಿಯ ಎತ್ತರಕ್ಕೆ ಪುಟಿಯುವುದನ್ನು ಇಷ್ಟು ದಿನ ಎದುರಿಗೇ ನೋಡಿದ್ದರೂ ನಾನು ಗಮನಿಸಿಯೇ ಇರಲಿಲ್ಲ.

ಕೋಚ್ ಜೊತೆ ಮಾತನಾಡಿದೆ. ಅವರು ಬೇಸರಪಡಲಿಲ್ಲ, ಕೆಂಪು ಚೆಂಡು ತರಿಸಬೇಕೆಂದು ತಮಗೂ ಇತ್ತು, ಖರ್ಚಿಗೆ ಪಾಲಕರು ಒಪ್ಪುವುದಿಲ್ಲವೆಂದು ಸುಮ್ಮನಿದ್ದೆ ಎಂದರು. ಐದು ಮನೆಯವರು ಸೇರಿ ಎರಡು ಡಜನ್ ತರಿಸಿದ್ದೇವೆ. ಯಜಮಾನರು ಬೆಂಗಳೂರಿಗೆ ಫೋನ್ ಮಾಡಿ, ಅಲ್ಲಿ ಎಂಟು ವರ್ಷದವರು ಯಾವ ಚೆಂಡಿನಲ್ಲಿ ಆಡುತ್ತಾರೆಂದು ವಿಚಾರಿಸಿದರು. ಹಳದಿಯಲ್ಲೇ, ಮೊದಲ ದಿನದಿಂದ ಎಂಬ ಉತ್ತರ ಬಂತು. ಹನ್ನೊಂದು ತುಂಬುವವರೆಗೆ ಇಲ್ಲಿಯೇ ಇರಲಿ ಎಂದು ಇಬ್ಬರೂ ಒಪ್ಪಿದ್ದೇವೆ.

ನಿನ್ನೆ ಸಂಜೆ ಕೋರ್ಟಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದರು. ಅವಳೂ ಇನ್ನೊಬ್ಬ ಹುಡುಗಿಯೂ ಹಗ್ಗದ ಆಚೀಚೆ ನಿಂತು ಸತತವಾಗಿ ಇಪ್ಪತ್ತೊಂದು ಸಲ ಚೆಂಡು ಮರಳಿಸಿದರು. ಎಣಿಸುತ್ತಿದ್ದವಳು ಅವಳೇ, ಗಟ್ಟಿಯಾಗಿ.