ಬೇಣದ ಕವಳಿ ಮಟ್ಟಿ ಉಳಿಸಿಕೊಳ್ಳುವುದು ಹೇಗೆ?

ಬೇಣದಂಚು:
ನಮ್ಮದು ಸಾಗರದ ಕಡೆ. ಮನೆ ಹಿಂದಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಹಳೇ ಕವಳಿ ಮಟ್ಟಿಗಳಿವೆ, ಅಂದರೆ ಕವಳೆ ಹಣ್ಣಿನ ಮುಳ್ಳುಪೊದೆಗಳು. ಅಲ್ಲಿ ನೆಲ ಸಮ ಮಾಡಿ ಅಡಿಕೆ ಹಾಕುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಮಳೆಗೆ ಮುಂಚೆ ಜೆಸಿಬಿ ಬರುತ್ತದೆ. ಮಟ್ಟಿಗಳನ್ನು ಬುಡಸಮೇತ ಎಬ್ಬಿಸಿ ಬೇರೆ ಕಡೆ ನೆಟ್ಟರೆ ಬದುಕುತ್ತವಾ? ನರ್ಸರಿಯಲ್ಲಿ ಕೇಳಿದರೆ ದಪ್ಪ ಕೆಂಪು ಕಾಯಿಯ ಗಿಡ ತೋರಿಸಿದರು. ನನಗೆ ಬೇಕಿರುವುದು ಕಪ್ಪಗೆ ಹಣ್ಣಾಗುವ ನಮ್ಮ ಸಣ್ಣ ಕವಳಿಯೇ.

ಹಕ್ಕಲುಮನೆ:
ಹಳೇ ಮಟ್ಟಿ ಎಬ್ಬಿಸಬೇಡಿ. ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ಜೆಸಿಬಿ ಎತ್ತಿದರೆ ಬೇರೆಲ್ಲ ಹರಿದುಹೋಗುತ್ತದೆ.

ಬೀಜದಿಂದ ಮಾಡಿ. ಮೇ ತಿಂಗಳಲ್ಲಿ ಪೂರ್ತಿ ಕಪ್ಪಾದ ಹಣ್ಣನ್ನೇ ಆರಿಸಿ. ತಿರುಳು ತೊಳೆದು, ನೆರಳಲ್ಲಿ ಸ್ವಲ್ಪ ಆರಿಸಿ, ಕೂಡಲೇ ಬಿತ್ತಿ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಿದರೆ ಪ್ರಯೋಜನ ಇಲ್ಲ, ಬೀಜ ಬೇಗ ಸತ್ತುಹೋಗುತ್ತದೆ. ಸಸಿ ಮೊದಲು ತುಂಬಾ ನಿಧಾನ. ಬೇಸರ ಮಾಡ್ಕೋಬೇಡಿ. ಬೇರೂರಿದ ಮೇಲೆ ನೀರು ಗೊಬ್ಬರ ಏನೂ ಕೇಳುವುದಿಲ್ಲ. ಬಿಸಿಲು ಮಾತ್ರ ಬೇಕು, ಅಡಿಕೆ ನೆರಳಲ್ಲಿ ಹಣ್ಣು ಬಿಡುವುದು ಕಡಿಮೆ.

ನಿಜ ಹೇಳಬೇಕೆಂದರೆ ಬೇಣದ ಅಂಚಿನ ಸಾಲನ್ನು ಹಾಗೇ ಉಳಿಸಲು ಮನೆಯವರ ಹತ್ತಿರ ಮಾತಾಡಿ. ವರ್ಷವಿಡೀ ಹಸಿರಾಗಿರುತ್ತದೆ, ಎಲೆ ಬುಡದಲ್ಲಿ ಜೋಡಿ ಮುಳ್ಳು, ದನ ಒಳಗೆ ನುಗ್ಗುವುದಿಲ್ಲ. ತಂತಿ ಬೇಲಿಗೆ ಸುಮ್ನೆ ಯಾಕೆ ದುಡ್ಡು? ಹಣ್ಣು ತಿಂದು ಬೀಜ ಹರಡುವ ಪಿಕಳಾರ ಹಕ್ಕಿಗಳಿಗೂ ಜಾಗ ಉಳಿಯುತ್ತದೆ. ನಮ್ಮ ಕಡೆ ಬೇಣಗಳೆಲ್ಲ ಅಕೇಶಿಯಾ ತೋಪು ಆಗಿಹೋದವು. ಈಗ ಮಕ್ಕಳಿಗೆ ಕವಳಿ ತೋರಿಸಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಉಪ್ಪುನೀರು:
ಈ ವರ್ಷದ ಮಿಡಿಯನ್ನಾದರೂ ಬಿಡಬೇಡಿ. ಒಳಗಿನ ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಿರಿ. ಬಿಳಿ ಸೊನೆ ಜಾಸ್ತಿ ಇರುತ್ತದೆ, ಕೈಗೆ ತುಟಿಗೆ ಅಂಟುತ್ತದೆ. ಉಪ್ಪುನೀರಲ್ಲಿ ನೆನೆಸಿಟ್ಟು ತೊಳೆದರೆ ಸರಿಹೋಗುತ್ತದೆ. ಆಮೇಲೆ ಉಪ್ಪಿನಕಾಯಿ ಹಾಕಿ.

ಬೇಣದಂಚು:
ಇಬ್ಬರಿಗೂ ಧನ್ಯವಾದ. ಅಪ್ಪನ ಹತ್ತಿರ ಮಾತಾಡಿದೆ. ರಸ್ತೆ ಬದಿಯ ಸಾಲು ಬಿಡಲು ಒಪ್ಪಿದ್ದಾರೆ. ಮೇಲಿನ ಮಟ್ಟಿಗಳ ಹಣ್ಣು ಕಪ್ಪಾಗುವ ತನಕ ಜೆಸಿಬಿ ಬೇಡ ಅಂತಲೂ ಹೇಳಿದ್ದೇನೆ. ಬೀಜ ಬಿತ್ತಲು ಮಣ್ಣು ತುಂಬಿದ ಕೊಟ್ಟೆ (ಚೀಲ) ಒಳ್ಳೆಯದಾ, ನೇರ ನೆಲವಾ?

ಹಕ್ಕಲುಮನೆ:
ಕೊಟ್ಟೆಯೇ ಒಳ್ಳೆಯದು. ಮರಳು ಸ್ವಲ್ಪ ಜಾಸ್ತಿ ಸೇರಿಸಿ, ನೀರು ನಿಲ್ಲಬಾರದು. ಮುಂದಿನ ಮಳೆಗಾಲಕ್ಕೆ ನೆಲಕ್ಕೆ ಇಳಿಸಿ.