ಪದಚರ್ಚೆ: ನೇಮಕಾತಿ ಪತ್ರದಲ್ಲಿ 'ಗುತ್ತಿಗೆ' ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ನೇಮಕಾತಿ ಪತ್ರಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅದರಿಂದ ನೌಕರರಿಗೆಲ್ಲ ನೇಮಕಾತಿ ಪತ್ರ ಕೊಡಲೇಬೇಕಾಗಿದೆ. ಇಷ್ಟು ವರ್ಷ ಬಾಯಿಮಾತಲ್ಲಿ ನಡೆದಿದ್ದು ಈಗ ಕಾಗದಕ್ಕೆ ಬರಬೇಕು. ಪದದ ತಕರಾರು ಶುರುವಾಗಿದ್ದು ಅಲ್ಲೇ.

ಅವರ ಹತ್ತಿರ ಮೂರು ಹಳೆಯ ಕರಡುಗಳಿದ್ದವು. ಒಂದು, ಎರಡು ವರ್ಷಕ್ಕೆ ಅಂತ ತೆಗೆದುಕೊಂಡ ಲೇತ್ ಆಪರೇಟರ್‌ಗೆ. ಇನ್ನೊಂದು, ಏಜೆನ್ಸಿ ಕಡೆಯಿಂದ ಬರುವ ಹೌಸ್‌ಕೀಪಿಂಗ್‌ನವರಿಗೆ. ಮತ್ತೊಂದು, ಬಸವನಗುಡಿಯಲ್ಲಿ ತನ್ನ ಮನೆಯಲ್ಲೇ ಕೂತು ಕ್ಯಾಟಲಾಗ್‌ಗೆ ಚಿತ್ರ ಬರೆಯುವ ಡಿಸೈನರ್‌ಗೆ. ಮೂರರಲ್ಲೂ ಅದೇ ಸಾಲು: "ತಮ್ಮನ್ನು ಗುತ್ತಿಗೆ ಆಧಾರದ ಮೇಲೆ ನೇಮಿಸಿಕೊಳ್ಳಲಾಗಿದೆ." ಇದೇನು ಅಂತ ಕೇಳಿದರೆ ಮಾಲೀಕರು, "ಮೂರೂ ಜನ ಪರ್ಮನೆಂಟ್ ಅಲ್ಲ, ಅಷ್ಟೇ ಅಲ್ವಾ ಸಾರ್?" ಅಂದರು.

ಅಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಲೇತ್ ಆಪರೇಟರ್ ಕಂಪನಿಯ ನೌಕರನೇ. ಅವಧಿ ಮಾತ್ರ ನಿಗದಿಯಾಗಿದೆ. ಖಾಯಂ ಕೆಲಸಗಾರನಿಗೆ ಸಿಗುವ ಸವಲತ್ತೆಲ್ಲ ಇವನಿಗೂ ಸಿಗಬೇಕು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ, 1972ರ ಕಾಯ್ದೆಯಲ್ಲಿ ಐದು ವರ್ಷದ ಸೇವೆ ಬೇಕಿತ್ತು. ಈಗ ಇಂಥವರಿಗೆ ಒಂದು ವರ್ಷ ಸಾಕು. ಹೌಸ್‌ಕೀಪಿಂಗ್‌ನವರಿಗೆ ಸಂಬಳ ಕೊಡಬೇಕಾದ್ದು ಏಜೆನ್ಸಿ. ಅದು ಕೈ ಎತ್ತಿದರೆ ಮಾತ್ರ ಕಾರ್ಖಾನೆಯವರು ಕೊಟ್ಟು, ಆಮೇಲೆ ಏಜೆನ್ಸಿಯಿಂದ ವಸೂಲು ಮಾಡಿಕೊಳ್ಳಬೇಕು. ಇನ್ನು ಡಿಸೈನರ್ ನೌಕರಳೇ ಅಲ್ಲ. ಅವಳಿಗೆ 'ನೇಮಕಾತಿ' ಪತ್ರ ಅನ್ನುವುದೇ ತಪ್ಪು.

ದುಡ್ಡಿನ ಪೆಟ್ಟು ಬೀಳುವುದು ಈ ಮೂರನೆಯ ಪತ್ರದಲ್ಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ ಮೊದಲ ಒಡೆಯ ಕಂಪನಿ, ಬೇರೆ ಒಪ್ಪಂದ ಇಲ್ಲದಿದ್ದರೆ. ಹೊರಗಿನವರು ಮಾಡಿಕೊಟ್ಟರೆ ಒಡೆತನ ಸಾಮಾನ್ಯವಾಗಿ ಮಾಡಿದವರದ್ದೇ. ದುಡ್ಡು ಕೊಟ್ಟಾಯ್ತು, ಬಿಲ್ಲೂ ಇದೆ, ಆದರೂ ಚಿತ್ರದ ಹಕ್ಕು ಅವಳ ಹತ್ತಿರವೇ ಉಳಿಯುತ್ತದೆ. ತಮಾಷೆ ಏನೆಂದರೆ, ಅದೇ ಕ್ಯಾಟಲಾಗ್‌ಗೆ ದುಡ್ಡು ಕೊಟ್ಟು ಫೋಟೋ ತೆಗೆಸಿದ್ದರೆ ಅದು ತೆಗೆಸಿದವರದ್ದು! ಫೋಟೋಗೆ ಕಾಯ್ದೆಯಲ್ಲೇ ಬೇರೆ ನಿಯಮ ಇದೆ. ಅವಳು ಬರೆಯುವಂಥ ಲೈನ್ ಡ್ರಾಯಿಂಗ್‌ಗೆ ಅದು ಇಲ್ಲ.

ಅಂದರೆ 'ಗುತ್ತಿಗೆ' ಅನ್ನುವ ಒಂದೇ ಪದ ಇಬ್ಬರ ಸವಲತ್ತು ಮತ್ತು ಒಬ್ಬಳ ಹಕ್ಕು, ಮೂರನ್ನೂ ಮಸುಕು ಮಾಡಿ ಕೂತಿದೆ.

ಹಳ್ಳಿಯ ಕನ್ನಡದಲ್ಲಿ ಈ ಗೊಂದಲ ನನಗೆ ಕಂಡಿಲ್ಲ. ಬಾವಿ ತೋಡುವುದನ್ನು ಗುತ್ತಿಗೆಗೆ ಕೊಟ್ಟರೆ ಇಷ್ಟು ಆಳಕ್ಕೆ ಇಷ್ಟು ದುಡ್ಡು. ಯಾವ ಹೊತ್ತಿಗೆ ಬರುತ್ತಾನೆ, ಎಷ್ಟು ಜನರನ್ನು ಕರೆತರುತ್ತಾನೆ ಅನ್ನುವುದು ಅವನಿಗೆ ಬಿಟ್ಟಿದ್ದು. ಕೂಲಿಗೆ ಕರೆದರೆ ಹಾಗಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು, ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು. ಕೋರ್ಟುಗಳು ಹುಡುಕುವುದೂ ಹೆಚ್ಚುಕಡಿಮೆ ಇದನ್ನೇ: ಕೆಲಸ ಹೇಗೆ ಮಾಡಬೇಕು ಅಂತ ಹೇಳುವ ಅಧಿಕಾರ ಯಾರದ್ದು? 1956ರ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ತೀರ್ಪು ಇದಕ್ಕೆ ಹಳೆಯ ಉದಾಹರಣೆ. ಉಪ್ಪು ತೆಗೆಯುವ ಅಗರಿಯಾಗಳಿಗೆ ತೂಕದ ಲೆಕ್ಕದಲ್ಲಿ ದುಡ್ಡು, ಜೊತೆಗೆ ಮನೆಮಂದಿಯನ್ನೂ ಕೆಲಸಕ್ಕೆ ಕರೆತರುತ್ತಿದ್ದರು. ಮೇಲ್ನೋಟಕ್ಕೆ ಗುತ್ತಿಗೆಯೇ. ಆದರೂ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರು ಅಂತಲೇ ಒಪ್ಪಿತು. ಪತ್ರದ ಮೇಲೆ ಬರೆದ ಹೆಸರಿಗೆ ಅಷ್ಟೇ ಬೆಲೆ. ಹಾಗಂತ ಪೀಣ್ಯದ ಮಾಲೀಕರಿಗೆ "ಏನಾದರೂ ಬರೀರಿ, ಕೋರ್ಟು ನೋಡಿಕೊಳ್ಳುತ್ತೆ" ಅನ್ನೋಕಾಗುತ್ತಾ?

ಕಚೇರಿಗೆ ಬಂದ ಮೇಲೆ ಈ ಪದ ಹದಗೆಟ್ಟಿತು ಅನಿಸುತ್ತದೆ. "ಗುತ್ತಿಗೆ ನೌಕರರ ಖಾಯಂಗೆ ಆಗ್ರಹ" ಅನ್ನುವ ತಲೆಬರಹ ಪತ್ರಿಕೆಗಳಲ್ಲಿ ಮಾಮೂಲು. ಅಲ್ಲಿ ಗುತ್ತಿಗೆ ಅಂದರೆ ಖಾಯಂ ಆಗದವರು, ಅಷ್ಟೇ ಅರ್ಥ. ಸರ್ಕಾರಿ ಕಾಲೇಜುಗಳಲ್ಲಿ ಇನ್ನೂ ಚೆನ್ನ. ವರ್ಷಗಟ್ಟಲೆ ಪಾಠ ಮಾಡುವವರನ್ನು 'ಅತಿಥಿ' ಅಂತ ಕರೆಯುತ್ತಾರೆ, ಕೊಡುವುದು 'ಗೌರವಧನ'.

ಸದ್ಯಕ್ಕೆ ನಾನು ಹೀಗೆ ಬರೆದಿದ್ದೇನೆ. ಲೇತ್ ಆಪರೇಟರ್‌ಗೆ 'ನಿಗದಿತ ಅವಧಿಯ ನೌಕರ'. ಹೌಸ್‌ಕೀಪಿಂಗ್‌ನವರಿಗೆ 'ಗುತ್ತಿಗೆದಾರರ ಕಡೆಯ ಕಾರ್ಮಿಕ', ಪತ್ರ ಕೊಡುವುದು ಏಜೆನ್ಸಿಯೇ. ಡಿಸೈನರ್‌ಗೆ ನೇಮಕಾತಿ ಪತ್ರ ಬದಲು 'ಕೆಲಸದ ಕರಾರು'. ಬರೀ 'ಗುತ್ತಿಗೆ' ಅಂತ ಎಲ್ಲೂ ಹಾಕಿಲ್ಲ. ಹಳ್ಳಿಯ ಅರ್ಥದಲ್ಲಿ ಅದು ಡಿಸೈನರ್‌ಗೇ ಸರಿಯಾಗಿ ಹೊಂದುತ್ತದೆ. ಆದರೆ ನಗರದಲ್ಲಿ ಓದುವವರು 'ಗುತ್ತಿಗೆ ನೌಕರಿ' ಅಂತಲೇ ತಿಳಿಯುತ್ತಾರೆ ಅನ್ನುವ ಭಯ.

ಇನ್ನೊಂದು ಪದವೂ ಕಾಡುತ್ತಿದೆ. ಡಿಸೈನರ್ ತನ್ನ ಹಕ್ಕನ್ನು ಕಂಪನಿಗೆ ಅಸೈನ್ ಮಾಡಬೇಕಲ್ಲ, ಅಂದರೆ ಬಿಟ್ಟುಕೊಡಬೇಕಲ್ಲ, ಅದಕ್ಕೆ ಏನು ಬರೆಯುವುದು? ಒಂದು ಕರಡಿನಲ್ಲಿ 'ಹಕ್ಕುಸ್ವಾಮ್ಯದ ನಿಯೋಜನೆ' ಅಂತಿತ್ತು. ನಿಯೋಜನೆ ಅಂದರೆ ನಮ್ಮಲ್ಲಿ ಮೇಷ್ಟ್ರನ್ನು ಜನಗಣತಿಗೆ ಕಳಿಸುವುದು! 'ವರ್ಗಾವಣೆ' ಅಂದರೂ ಟ್ರಾನ್ಸ್‌ಫರ್ ಆರ್ಡರೇ ಕಣ್ಣಿಗೆ ಬರುತ್ತದೆ. 'ಪರಭಾರೆ' ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಚಲಾವಣೆಯಲ್ಲಿರುವ ಪದ, ಆದರೆ ಅದಕ್ಕೆ ಜಮೀನಿನ ವಾಸನೆ ಜಾಸ್ತಿ. ನನ್ನ ಒಲವು 'ಬರೆದುಕೊಡು' ಕಡೆಗೆ. ಜನ "ಮನೆ ಮಗಳ ಹೆಸರಿಗೆ ಬರೆದುಕೊಟ್ಟರು" ಅನ್ನುತ್ತಾರೆ, ಬಿಟ್ಟುಕೊಟ್ಟಿದ್ದು ಬರವಣಿಗೆಯಲ್ಲಿದೆ ಅನ್ನುವುದೂ ಅದರೊಳಗೇ ಇದೆ. ಕಾಯ್ದೆಯೂ ಅದನ್ನೇ ಕೇಳುತ್ತದೆ: ಬರವಣಿಗೆ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ನನ್ನ ಸಾಲು: "ಈ ಚಿತ್ರಗಳ ಹಕ್ಕುಸ್ವಾಮ್ಯವನ್ನು ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ, ಕಂಪನಿಗೆ ಬರೆದುಕೊಟ್ಟಿದ್ದೇನೆ." ತೊಡಕು ಒಂದೇ. ಇದಕ್ಕೆ ನಾಮಪದ ಬೇಕಾದಾಗ 'ಬರೆದುಕೊಡುವಿಕೆ' ಅಂದರೆ ನಾಲಿಗೆ ತೊಡರುತ್ತದೆ.

ಪೇಟೆಂಟ್‌ಗೂ ಇದೇ ಕ್ರಿಯಾಪದ ಬೇಕು. ಅಲ್ಲಿ ಖಾಯಂ ನೌಕರನೇ ಕಂಡುಹಿಡಿದರೂ ಹಕ್ಕು ತಾನಾಗೇ ಕಂಪನಿಗೆ ಹೋಗುತ್ತದೆ ಅಂತ 1970ರ ಕಾಯ್ದೆ ಹೇಳುವುದಿಲ್ಲ. ಅವನೂ ಬರೆದುಕೊಡಬೇಕು. ಇದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ.

'ಬಾಂಡ್' ಬಗ್ಗೆ ಸುಮ್ನೆ ಎರಡು ಮಾತು. ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ದುಡ್ಡಿಗೂ ಬಾಂಡ್ ಅನ್ನುತ್ತಾರೆ, ಬಿಟ್ಟ ಮೇಲೆ ಎದುರಾಳಿ ಕಂಪನಿಗೆ ಸೇರಬಾರದು ಅನ್ನುವ ಷರತ್ತಿಗೂ ಬಾಂಡ್ ಅನ್ನುತ್ತಾರೆ. ಮೊದಲನೆಯದು ನಿಲ್ಲಬಹುದು. ನಮ್ಮ ಹೈಕೋರ್ಟಿನಿಂದ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿಯಿತು. ಎರಡನೆಯದು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲುವುದಿಲ್ಲ. ಮೊದಲನೆಯದಕ್ಕೆ 'ಮುಚ್ಚಳಿಕೆ' ಅಂತ ಒಬ್ಬರು ಸೂಚಿಸಿದರು. ಪೊಲೀಸ್ ಸ್ಟೇಷನ್‌ನಲ್ಲಿ ಬರೆಸಿಕೊಳ್ಳುವ ಪದ, ಕೆಲಸಕ್ಕೆ ಸೇರುವ ದಿನವೇ ಅದು ಬೇಡ ಅಂತ ಬಿಟ್ಟೆ.

ಈಗ ಕೇಳಬೇಕಾದ್ದು. 'ನಿಗದಿತ ಅವಧಿಯ ನೌಕರ' ಉದ್ದ ಆಯ್ತು. ದಿನಬಳಕೆಗೆ 'ಅವಧಿ ನೌಕರ' ಅಂದರೆ ಶಾಪ್ ಫ್ಲೋರ್‌ನಲ್ಲಿ ಅರ್ಥವಾಗುತ್ತದೆಯೇ? 'ಬರೆದುಕೊಡು'ವಿಗೆ ಸಲೀಸಾದ ನಾಮಪದ ಯಾರಾದರೂ ಬಳಸಿದ್ದೀರಾ? ಇನ್ನು ಕಲಬುರಗಿ ಕಡೆಯವರು ಇದ್ದರೆ ಒಂದು ವಿಷಯ ತಿಳಿಸಿ. ನಿಮ್ಮಲ್ಲಿ 'ಗುತ್ತೇದಾರ' ಅಂದಾಗ ಕೆಲಸ ಹಿಡಿದು ಮಾಡಿಸುವವನು ಮಾತ್ರವೇ, ಅಥವಾ ಒಬ್ಬನೇ ಕೂತು ಕೆಲಸ ಮುಗಿಸಿಕೊಡುವವನಿಗೂ ಆ ಪದ ಸಲ್ಲುತ್ತದೆಯೇ?